ಲಾರಿಯ ಧಣಿ ಯಾರು?

ಮಲ್ಪೆ ಬಂದರಿನಿಂದ ಐಸು ಹಾಕಿದ ಮೀನು ತುಂಬಿಕೊಂಡು ಹೊರಡುವ ಕೆಎ-20 ಸಂಖ್ಯೆಯ ಲಾರಿಯ ಮುಂಗಾಜಿನ ಮೇಲೆ ಮನೆದೈವದ ಹೆಸರಿರುತ್ತದೆ, ಬಾಗಿಲಿನ ಮೇಲೆ ಮಾಲಕನ ಹೆಸರಿರುತ್ತದೆ. ಇವೆರಡೂ ದಾರಿಹೋಕರಿಗೆ ಕಾಣುತ್ತವೆ. ಕಾಣದ ಮೂರನೆಯ ಹೆಸರೊಂದು ಸಾಮಾನ್ಯವಾಗಿ ಆರ್‌ಸಿಯೊಳಗೆ ಅಡಗಿರುತ್ತದೆ. ಈ ವಾಹನವು ಇಂಥ ಸಂಸ್ಥೆಯೊಂದಿಗೆ ಬಾಡಿಗೆ-ಖರೀದಿ, ಲೀಸ್ ಅಥವಾ ಹೈಪಾಥಿಕೇಶನ್ ಕರಾರಿಗೆ ಒಳಪಟ್ಟಿದೆ ಎಂಬ ಒಂದು ಸಾಲು ಅದು. 1988ರ ಮೋಟಾರು ವಾಹನ ಕಾಯ್ದೆಯ 51ನೇ ಕಲಮಿನ ಪ್ರಕಾರ ಬರೆಯುವ ಸಾಲು. ಅಪಘಾತವಾದರೆ, ತೆರಿಗೆ ಕಟ್ಟುವಾಗ, ಕಂತು ತಪ್ಪಿದಾಗ, ಕೊನೆಗೆ ಮಾರುವಾಗ ಈ ಒಂದು ಸಾಲು ಬೇರೆ ಬೇರೆ ಅರ್ಥ ಕೊಡುತ್ತದೆ. ಹಾಗಾದರೆ ಲಾರಿ ನಿಜಕ್ಕೂ ಯಾರದ್ದು?

ಈ ಪ್ರಶ್ನೆ ಒಮ್ಮೆ ಸುಪ್ರೀಂ ಕೋರ್ಟಿನವರೆಗೆ ಹೋಗಿ ಇತ್ಯರ್ಥವಾಯಿತು. ಹೋದದ್ದು ದಿಲ್ಲಿಯದೋ ಮುಂಬಯಿಯದೋ ಕಂಪೆನಿಯಲ್ಲ, ಮಣಿಪಾಲದ್ದೇ ಆದ ಐಸಿಡಿಎಸ್ ಎಂಬುದು ಈ ಭಾಗದವರಲ್ಲಿ ಹಲವರಿಗೆ ಗೊತ್ತಿರಲಾರದು. ಆ ತೀರ್ಪಿಗೆ ಬರುವ ಮುನ್ನ ತುಸು ಹಿಂದಕ್ಕೆ ಹೋಗಬೇಕು.

ಕೊಂಡುಕೊಳ್ಳುವುದಕ್ಕೂ ಗೇಣಿಗೆ ಪಡೆಯುವುದಕ್ಕೂ ಇರುವ ವ್ಯತ್ಯಾಸವನ್ನು ಕರಾವಳಿಯ ಜನರಿಗೆ ಯಾವ ವಾಣಿಜ್ಯ ಪುಸ್ತಕವೂ ಹೇಳಿಕೊಡಬೇಕಾಗಿರಲಿಲ್ಲ. ಅವಿಭಜಿತ ದಕ್ಷಿಣ ಕನ್ನಡದ ಗದ್ದೆಗಳೇ ಅದನ್ನು ಕಲಿಸಿದ್ದವು. ಮೂಲಗೇಣಿಯವನಿಗೆ ತಲೆತಲಾಂತರದ ಹಕ್ಕು, ವಾಯಿದೆಗೇಣಿಯವನಿಗೆ ಗೊತ್ತಾದ ಅವಧಿಯ ಹಕ್ಕು, ಚಾಲಗೇಣಿಯವನಿಗೆ ಧಣಿಯ ಮನಸ್ಸಿದ್ದಷ್ಟು ದಿನ. ಕೃಷಿ ಮಾಡುವವನು ಒಕ್ಕಲು, ಅಕ್ಕಿ ಮುಡಿ ಅಳೆಸಿಕೊಳ್ಳುವವನು ಧಣಿ. ಬೆಳೆ ಕೈಕೊಟ್ಟ ವರ್ಷವೂ ಗೇಣಿ ಅಳೆಯಲೇಬೇಕು. ಲಾರಿಯ ಕಂತು ಕಟ್ಟುವವನಿಗೆ ಈ ಕೊನೆಯ ಮಾತು ಹೊಸತಾಗಿ ಕೇಳಿಸದು. 1974ರ ಮಾರ್ಚ್ 1ರಂದು ಜಾರಿಗೆ ಬಂದ ಭೂಸುಧಾರಣೆಯ ತಿದ್ದುಪಡಿಯಿಂದ ಡಿಕ್ಲರೇಶನ್ ಕೊಟ್ಟ ಒಕ್ಕಲುಗಳು ಭೂನ್ಯಾಯಮಂಡಳಿಗಳ ಮೂಲಕ ಗದ್ದೆಯ ಒಡೆಯರಾದರು. ಕಾಲದ ತಮಾಷೆಯೆಂದರೆ, ಗದ್ದೆಯಲ್ಲಿ ಗೇಣಿ ಪದ್ಧತಿ ಮುಗಿದ ಆ ದಶಕದಲ್ಲೇ ದೇಶದಲ್ಲಿ ಯಂತ್ರಗಳ ಗೇಣಿ ಶುರುವಾಯಿತು. ಭಾರತದ ಮೊದಲ ಲೀಸಿಂಗ್ ಕಂಪೆನಿ ಮದ್ರಾಸಿನಲ್ಲಿ ಹುಟ್ಟಿದ್ದು 1973ರಲ್ಲಿ.

ಮೋಟಾರು ಸಾರಿಗೆಯಲ್ಲಿ ಈ ಜಿಲ್ಲೆ ಹಿಂದೆ ಬಿದ್ದದ್ದಲ್ಲ. ಮಂಗಳೂರಿನಲ್ಲಿ ಕೆನರಾ ಪಬ್ಲಿಕ್ ಕನ್ವೆಯನ್ಸ್ ಕಂಪೆನಿ, ಅಂದರೆ ಜನರ ಬಾಯಲ್ಲಿ ಸಿಪಿಸಿ, 1914ರಲ್ಲೇ ಹುಟ್ಟಿತು. ಹೊಳೆಗಳಿಗೆ ಸೇತುವೆಗಳಿಲ್ಲದ ಕಾಲ. ಎರಡು ದೋಣಿ ಜೋಡಿಸಿ ಹಲಗೆ ಹಾಸಿದ ಜಂಗಲಿನ ಮೇಲೆ ಮೋಟಾರನ್ನು ಹತ್ತಿಸಿ ದಾಟಿಸಬೇಕಿತ್ತು. ಘಟ್ಟದ ಮೇಲಿನ ಸಂಪರ್ಕಕ್ಕೆ ಆಗುಂಬೆಯ 14 ಹೇರ್‌ಪಿನ್ ತಿರುವುಗಳ ದಾರಿ. ಇಂಥ ದಾರಿಯಲ್ಲಿ ಬಂಡಿ ಹೋಗಿ ಮೋಟಾರು ಬರಬೇಕಾದರೆ ರಸ್ತೆಯಷ್ಟೇ ಬಂಡವಾಳವೂ ಬೇಕು. ಎತ್ತಿನ ಗಾಡಿಯನ್ನು ಒಬ್ಬ ಒಕ್ಕಲಿಗ ಕೈಸಾಲ ಮಾಡಿಯಾದರೂ ಕೊಂಡಾನು. ಲಾರಿ ಹಾಗಲ್ಲ.

ಬಂಡವಾಳದ ವಿಷಯದಲ್ಲಿ ಉಡುಪಿಗೆ ತನ್ನದೇ ಚರಿತ್ರೆಯಿದೆ. ಹಾಜಿ ಅಬ್ದುಲ್ಲಾ ಸಾಹೇಬರು 1906ರಲ್ಲಿ ಸ್ಥಾಪಿಸಿದ ಬ್ಯಾಂಕು ಮುಂದೆ ಕಾರ್ಪೊರೇಶನ್ ಬ್ಯಾಂಕ್ ಆಯಿತು. 1925ರಲ್ಲಿ ಉಪೇಂದ್ರ ಪೈ, ಡಾ. ಟಿ.ಎಂ.ಎ. ಪೈ ಮತ್ತು ವಾಮನ ಕುಡ್ವರು 8,000 ರೂಪಾಯಿ ಬಂಡವಾಳದಿಂದ ಕೆನರಾ ಇಂಡಸ್ಟ್ರಿಯಲ್ ಎಂಡ್ ಬ್ಯಾಂಕಿಂಗ್ ಸಿಂಡಿಕೇಟನ್ನು ಶುರುಮಾಡಿದ್ದು ಸಂಕಷ್ಟದಲ್ಲಿದ್ದ ನೇಕಾರರಿಗೆ ಸಾಲ ಕೊಡಲು. 1928ರಲ್ಲಿ ಬಂದ ಪಿಗ್ಮಿ ಠೇವಣಿಯಲ್ಲಿ ಏಜೆಂಟನು ದಿನಾ ಮನೆಬಾಗಿಲಿಗೆ ಬಂದು ಎರಡಾಣೆಯಷ್ಟು ಸಣ್ಣ ಮೊತ್ತವನ್ನೂ ಒಯ್ಯುತ್ತಿದ್ದ. ಪಿಗ್ಮಿಯನ್ನು ಎಲ್ಲರೂ ಉಳಿತಾಯದ ಕತೆಯಾಗಿ ಹೇಳುತ್ತಾರೆ. ಅದನ್ನು ಕಂತಿನ ಶಿಸ್ತಿನ ಕತೆಯಾಗಿಯೂ ಓದಬಹುದು. ನಿಗದಿತ ಹೊತ್ತಿಗೆ ನಿಗದಿತ ಮೊತ್ತ ಕೊಡುವ ಅಭ್ಯಾಸ ಅಂಗಡಿಯವನಿಗೂ ಹೊಟೇಲಿನವನಿಗೂ ಮೊದಲೇ ಆಗಿದ್ದ ಊರಿನಲ್ಲಿ ವಾಹನದ ಕಂತು ಎಂಬ ವ್ಯವಸ್ಥೆ ಬೇಗ ಬೇರುಬಿಟ್ಟದ್ದು ಆಶ್ಚರ್ಯವಲ್ಲ.

1969ರ ಜುಲೈ 19ರಂದು ಸಿಂಡಿಕೇಟ್ ಬ್ಯಾಂಕ್ ರಾಷ್ಟ್ರೀಕರಣವಾಯಿತು. ಎರಡು ವರ್ಷದ ಬಳಿಕ, 1971ರಲ್ಲಿ, ಮಣಿಪಾಲದಲ್ಲಿ ಇಂಡಸ್ಟ್ರಿಯಲ್ ಕ್ರೆಡಿಟ್ ಎಂಡ್ ಡೆವಲಪ್‌ಮೆಂಟ್ ಸಿಂಡಿಕೇಟ್, ಅರ್ಥಾತ್ ಐಸಿಡಿಎಸ್ ಹುಟ್ಟಿತು. ಬ್ಯಾಂಕು ಸರಕಾರದ ಕೈಗೆ ಹೋದರೂ ಸಾಲ ಕೊಡುವ ವಿದ್ಯೆ ಊರಿನಲ್ಲೇ ಉಳಿದಿತ್ತು ಎನ್ನಬಹುದು. ಇಂಥ ಸಂಸ್ಥೆಗಳು ಜನರಿಂದ ಠೇವಣಿ ಪಡೆದು ವಾಹನಗಳಿಗೆ ಬಾಡಿಗೆ-ಖರೀದಿಯ ಮೇಲೆ ಹಣ ಹಾಕಿದವು. ಮದ್ರಾಸಿನಲ್ಲಿ 1954ರಲ್ಲಿ ಆರಂಭವಾದ ಸುಂದರಂ ಫೈನಾನ್ಸ್ ತೋರಿಸಿದ್ದ ದಾರಿಯೇ ಇದು. ಟಾಟಾದವರು ಡೈಮ್ಲರ್-ಬೆಂಜ್ ಸಹಯೋಗದಲ್ಲಿ ಜಮ್ಶೆಡ್‌ಪುರದಲ್ಲಿ ಲಾರಿ ತಯಾರಿಸತೊಡಗಿದ್ದೂ 1954ರಲ್ಲೇ. ಲಾರಿಯೂ ಲಾರಿಯ ಕಂತೂ ಒಂದೇ ವಯಸ್ಸಿನವು.

ಬಾಡಿಗೆ-ಖರೀದಿ ಎಂಬುದು ವಿಚಿತ್ರ ಪ್ರಾಣಿ. ಹೆಸರೇ ಹೇಳುವಂತೆ ಅರ್ಧ ಬಾಡಿಗೆ, ಅರ್ಧ ಖರೀದಿ. ಇಂಗ್ಲೆಂಡಿನಲ್ಲಿ 1860ರ ದಶಕದ ಹೊತ್ತಿಗೆ ರೈಲ್ವೆ ವ್ಯಾಗನ್ನುಗಳನ್ನು ಗಣಿ ಮಾಲಕರಿಗೆ ಹೀಗೆ ಕೊಡುತ್ತಿದ್ದರು. ಅದರ ಕಾನೂನು ಮಾತ್ರ ಗಟ್ಟಿಯಾದದ್ದು ಒಂದು ಪಿಯಾನೋದಿಂದ. ಕಂತಿನ ಮೇಲೆ ಪಿಯಾನೋ ಒಯ್ದವನೊಬ್ಬ ಕಂತು ಮುಗಿಯುವ ಮೊದಲೇ ಅದನ್ನು ಗಿರವಿ ಅಂಗಡಿಯಲ್ಲಿಟ್ಟ. ಕೊಂಡುಕೊಳ್ಳಲು ಅವನು ಒಪ್ಪಿಕೊಂಡಿರಲಿಲ್ಲ, ಕೊಳ್ಳುವ ಆಯ್ಕೆ ಮಾತ್ರ ಅವನಿಗಿತ್ತು, ಆದ್ದರಿಂದ ಪಿಯಾನೋ ಇನ್ನೂ ಮೂಲ ಮಾಲಕನದ್ದೇ ಎಂದು 1895ರಲ್ಲಿ ಬ್ರಿಟನ್ನಿನ ಹೌಸ್ ಆಫ್ ಲಾರ್ಡ್ಸ್ ಹೇಳಿತು. ಕಾಪುವಿನ ಲಾರಿಯನ್ನು ಫೈನಾನ್ಸಿನವರು ಹೆದ್ದಾರಿಯಲ್ಲಿ ತಡೆದು ನಿಲ್ಲಿಸಿದಾಗ ಅದರ ಹಿಂದೆ ಈ ಪಿಯಾನೋದ ತರ್ಕವೇ ಇರುತ್ತದೆ. ಕೊನೆಯ ಕಂತು ಕಟ್ಟಿ, ಕೊಳ್ಳುವ ಆಯ್ಕೆಯನ್ನು ಚಲಾಯಿಸುವ ತನಕ ಲಾರಿ ಫೈನಾನ್ಸಿನದ್ದು.

ನಮ್ಮಲ್ಲಿ ಇದಕ್ಕೊಂದು ಶಾಸನ ಬೇಕೆಂದು ಸಂಸತ್ತು 1972ರಲ್ಲಿ ಬಾಡಿಗೆ-ಖರೀದಿ ಕಾಯ್ದೆಯನ್ನು ಪಾಸು ಮಾಡಿತು. ಕಂತು ಕಟ್ಟುವವನಿಗೆ ಒಂದಿಷ್ಟು ರಕ್ಷಣೆ ಕೊಡುವ ಕಾಯ್ದೆ. ಅದು ಒಂದು ದಿನವೂ ಜಾರಿಗೆ ಬರಲಿಲ್ಲ. ಮೂವತ್ತಮೂರು ವರ್ಷ ಪುಸ್ತಕದಲ್ಲೇ ಮಲಗಿ 2005ರಲ್ಲಿ ರದ್ದಾಯಿತು. ಲಾರಿ ಮಾಲಕರ ಪಾಲಿಗೆ ಇದಕ್ಕಿಂತ ದೊಡ್ಡ ಅಲಕ್ಷ್ಯದ ಉದಾಹರಣೆ ಹುಡುಕುವುದು ಕಷ್ಟ. ಹೀಗಾಗಿ ಅವರ ಹಕ್ಕುಗಳೆಲ್ಲ ನ್ಯಾಯಾಲಯಗಳ ತೀರ್ಪುಗಳಲ್ಲಿ ತುಂಡು ತುಂಡಾಗಿ ಬಿದ್ದಿವೆ. ಕರಾರಿನ ಪ್ರಕಾರ ವಾಹನ ವಶಪಡಿಸಿಕೊಂಡರೆ ಅದು ಕಳ್ಳತನವಲ್ಲ ಎಂದು ಸುಪ್ರೀಂ ಕೋರ್ಟ್ 2001ರಲ್ಲಿ ಹೇಳಿತು. ವಸೂಲಿಗೆ ಗೂಂಡಾಗಳನ್ನು ಕಳಿಸುವಂತಿಲ್ಲ ಎಂದು 2007ರಲ್ಲಿ ಬ್ಯಾಂಕುಗಳನ್ನು ತರಾಟೆಗೆ ತೆಗೆದುಕೊಂಡಿತು. ಅಪಘಾತದ ಪರಿಹಾರವನ್ನು ಲಾರಿ ಕೈಯಲ್ಲಿದ್ದವನೇ ಕೊಡಬೇಕು, ಸಾಲ ಕೊಟ್ಟ ಸಂಸ್ಥೆಯಲ್ಲ ಎಂಬುದು 2008ರ ತೀರ್ಪು. ಸೊತ್ತು ಬೇಕಾದಾಗ ಧಣಿ ಒಬ್ಬ, ಹೊಣೆ ಹೊರುವಾಗ ಧಣಿ ಇನ್ನೊಬ್ಬ ಎಂದು ಲಾರಿಯವರಿಗೆ ಅನಿಸಿದರೆ ತಪ್ಪಲ್ಲ.

ಲೀಸ್ ಎಂಬುದು ಇದಕ್ಕಿಂತ ಸರಳ. ವಾಯಿದೆಗೇಣಿಯ ಹಾಗೆ. ಗೊತ್ತಾದ ಅವಧಿಗೆ ಲಾರಿ ನಿನ್ನದು, ತಿಂಗಳಿಗಿಷ್ಟು ಬಾಡಿಗೆ, ಅವಧಿ ಮುಗಿದ ಮೇಲೆ ಲಾರಿ ಹಿಂದಕ್ಕೆ. ಕೊಳ್ಳುವ ಆಯ್ಕೆ ಕರಾರಿನಲ್ಲಿಲ್ಲ. ಇಷ್ಟು ಸರಳವಾದದ್ದು 1980 ಮತ್ತು 1990ರ ದಶಕಗಳಲ್ಲಿ ಅಷ್ಟೊಂದು ಬೆಳೆದದ್ದೇಕೆ? ಉತ್ತರ ಆದಾಯ ತೆರಿಗೆಯಲ್ಲಿದೆ. ಬಾಡಿಗೆಗೆ ಓಡಿಸುವ ವ್ಯವಹಾರದ ಲಾರಿ, ಬಸ್ಸು, ಟ್ಯಾಕ್ಸಿಗಳಿಗೆ ಸವಕಳಿಯ ದರ ಉಳಿದವಕ್ಕಿಂತ ಹೆಚ್ಚು. 1990ರ ದಶಕದಲ್ಲಿ ಸಾಮಾನ್ಯ ಯಂತ್ರಗಳಿಗೆ ಶೇ. 25 ಇದ್ದಾಗ ಇಂಥ ಲಾರಿಗೆ ಶೇ. 40 ಇತ್ತು, ಬಳಿಕ ಇದು ಶೇ. 15 ಮತ್ತು ಶೇ. 30ಕ್ಕೆ ಇಳಿಯಿತು. ಮೊದಲ ವರ್ಷವೇ ಲಾರಿಯ ಬೆಲೆಯ ಶೇ. 40ರಷ್ಟನ್ನು ಲಾಭದಿಂದ ಕಳೆಯಬಹುದು ಎಂದಾದರೆ, ಲಾಭ ಹೆಚ್ಚಿರುವ ಕಂಪೆನಿಗೆ ಲಾರಿಯ ಒಡೆತನ ಲಾರಿಗಿಂತಲೂ ಬೆಲೆಬಾಳುತ್ತದೆ. ಒಂದೇ ಲಾರಿಯ ಸಣ್ಣ ಮಾಲಕನಿಗೆ ಅಷ್ಟು ತೆರಿಗೆಯೇ ಬೀಳದ ಕಾರಣ ಸವಕಳಿಯಿಂದ ಅವನಿಗೆ ಉಪಯೋಗ ಕಡಿಮೆ. ಅವನು ಒಡೆತನವನ್ನು ಕಂಪೆನಿಗೆ ಬಿಟ್ಟುಕೊಡುತ್ತಾನೆ, ಕಂಪೆನಿ ತೆರಿಗೆಯಲ್ಲಿ ಉಳಿಸಿದ್ದರಲ್ಲಿ ಒಂದಂಶವನ್ನು ಬಾಡಿಗೆ ತಗ್ಗಿಸುವ ಮೂಲಕ ಅವನಿಗೆ ಕೊಡುತ್ತದೆ. ಲೀಸಿಂಗ್ ನಿಂತಿದ್ದದ್ದು ಮುಖ್ಯವಾಗಿ ಈ ಲೆಕ್ಕದ ಮೇಲೆ.

ಐಸಿಡಿಎಸ್ ಕೂಡ ತಯಾರಕರಿಗೆ ನೇರ ಹಣ ಕೊಟ್ಟು ವಾಹನಗಳನ್ನು ಖರೀದಿಸಿ ಗಿರಾಕಿಗಳಿಗೆ ಲೀಸಿಗೆ ಕೊಟ್ಟಿತು, 1991-92ರಿಂದ 1996-97ರ ತನಕದ ತೆರಿಗೆ ವರ್ಷಗಳಲ್ಲಿ ಹೆಚ್ಚಿನ ದರದ ಸವಕಳಿ ಕೇಳಿತು. ತೆರಿಗೆ ಇಲಾಖೆ ಒಪ್ಪಲಿಲ್ಲ. ಆರ್‌ಟಿಓ ದಾಖಲೆಯಲ್ಲಿ ಮಾಲಕರೆಂದು ಇದ್ದದ್ದು ಲೀಸಿಗೆ ಪಡೆದವರ ಹೆಸರು. ಕಂಪೆನಿ ಬರೇ ಹಣ ಹಾಕಿದೆ, ಅದು ಒಡೆಯನೂ ಅಲ್ಲ, ಲಾರಿ ಓಡಿಸಿದ್ದೂ ಇಲ್ಲ ಎಂಬುದು ಇಲಾಖೆಯ ವಾದ. ಮೇಲ್ಮನವಿ ನ್ಯಾಯಮಂಡಳಿ ಕಂಪೆನಿಯ ಪರ, ಹೈಕೋರ್ಟು ಇಲಾಖೆಯ ಪರ ತೀರ್ಪು ಕೊಟ್ಟವು. 2013ರ ಜನವರಿ 14ರಂದು ನ್ಯಾಯಮೂರ್ತಿಗಳಾದ ಡಿ.ಕೆ. ಜೈನ್ ಮತ್ತು ಜೆ.ಎಸ್. ಖೇಹರ್ ಅವರ ಪೀಠ ಕಂಪೆನಿಯ ಪರವಾಗಿ ತೀರ್ಮಾನಿಸಿತು. ಕಂತು ತಪ್ಪಿದರೆ ವಶಪಡಿಸುವ ಹಕ್ಕು ಯಾರಿಗಿದೆ? ಅವಧಿ ಮುಗಿದ ಮೇಲೆ ಲಾರಿ ಯಾರಿಗೆ ಮರಳಬೇಕು? ಎರಡಕ್ಕೂ ಉತ್ತರ ಕಂಪೆನಿ. ಮೋಟಾರು ವಾಹನ ಕಾಯ್ದೆಯು ಲಾರಿ ಕೈಯಲ್ಲಿದ್ದವನನ್ನು ಒಡೆಯನೆಂದು ಭಾವಿಸುವುದು ಆ ಕಾಯ್ದೆಯ ಉದ್ದೇಶಕ್ಕೆ ಮಾತ್ರ ಎಂದು ಕೋರ್ಟು ಹೇಳಿತು. ಲೀಸಿಗೆ ಪಡೆದವರು ಸವಕಳಿ ಕೇಳಿರಲಿಲ್ಲ ಎಂಬ ಅಂಶವೂ ಗಣನೆಗೆ ಬಂತು. ಲೀಸಿಗೆ ಕೊಡುವುದೂ ಬಾಡಿಗೆಗೆ ಓಡಿಸುವ ವ್ಯವಹಾರವೇ ಎಂದಾಯಿತು.

ತೀರ್ಪು ಬರುವ ಹೊತ್ತಿಗೆ ಆ ಕಾಲವೇ ಮುಗಿದಿತ್ತೆಂಬುದು ಬೇರೆ ಮಾತು. 1998ರ ಆರಂಭದಲ್ಲಿ ರಿಸರ್ವ್ ಬ್ಯಾಂಕು ಬ್ಯಾಂಕೇತರ ಹಣಕಾಸು ಸಂಸ್ಥೆಗಳ ಠೇವಣಿಯ ಮೇಲೆ ಬಿಗಿ ನಿಯಮ ತಂದಿತು. ಹಳೆಯ ಠೇವಣಿ ಮರಳಿಸಲು ಹೊಸ ಠೇವಣಿ ಬರಬೇಕಾದ ವ್ಯವಹಾರಗಳು ದೇಶದ ಎಲ್ಲೆಡೆ ಉಸಿರುಕಟ್ಟಿದವು. ಮಣಿಪಾಲದ ಸಂಸ್ಥೆಗಳೂ ಅದರಿಂದ ಪಾರಾಗಲಿಲ್ಲ. ಠೇವಣಿದಾರರಿಗೆ ಹಂತಹಂತವಾಗಿ ಹಣ ಮರಳಿಸುವ ಯೋಜನೆಗೆ ಐಸಿಡಿಎಸ್ 2004ರಲ್ಲಿ ಹೈಕೋರ್ಟಿನ ಅನುಮೋದನೆ ಪಡೆಯಬೇಕಾಯಿತು. ಲಾರಿಯ ಕಂತಿನ ಇನ್ನೊಂದು ತುದಿಯಲ್ಲಿ ಠೇವಣಿ ಇಟ್ಟವರೂ ಇದ್ದಾರೆಂಬುದು ಆಗ ಎಲ್ಲರ ಗಮನಕ್ಕೆ ಬಂತು.

ಇನ್ನು ಸಣ್ಣ ಮಾಲಕನ ಲೆಕ್ಕ. ಒಂದು ಉದಾಹರಣೆ ಇಟ್ಟುಕೊಳ್ಳೋಣ. ಬಾಡಿ ಕಟ್ಟಿಸಿದ ಲಾರಿಗೆ 30 ಲಕ್ಷ ರೂಪಾಯಿ. ಕೈಯಿಂದ 6 ಲಕ್ಷ, ಉಳಿದ 24 ಲಕ್ಷ ಸಾಲ. ಫೈನಾನ್ಸಿನವರು ಶೇ. 8 ಬಡ್ಡಿ, ಐದು ವರ್ಷ ಎನ್ನುತ್ತಾರೆ. ಇದು ಫ್ಲಾಟ್ ಬಡ್ಡಿ. ಕಂತು ಕಟ್ಟುತ್ತಾ ಹೋದಂತೆ ಅಸಲು ಕರಗಿದರೂ ಬಡ್ಡಿ ಮಾತ್ರ ಮೊದಲ ದಿನದ 24 ಲಕ್ಷದ ಮೇಲೆಯೇ. ಬಡ್ಡಿ 9.6 ಲಕ್ಷ, ಒಟ್ಟು 33.6 ಲಕ್ಷ, ತಿಂಗಳಿಗೆ 56,000. ಇಳಿಯುವ ಅಸಲಿನ ಮೇಲೆ ಲೆಕ್ಕ ಹಾಕಿದರೆ ಇದೇ ಸಾಲದ ಬಡ್ಡಿ ಶೇ. 14ಕ್ಕೂ ತುಸು ಮೇಲಾಗುತ್ತದೆ. ಎಂಟು ಎಂದು ಕೇಳಿ ಹದಿನಾಲ್ಕು ಕಟ್ಟುವ ಈ ಚಮತ್ಕಾರದಲ್ಲಿ ಕಾನೂನುಬಾಹಿರವಾದದ್ದು ಏನೂ ಇಲ್ಲ, ಕೇಳಿಕೊಳ್ಳದವನು ಮೋಸಹೋದಂತೆ ಅಷ್ಟೆ.

ಐದು ವರ್ಷ ಮುಗಿಯುವಾಗ ಮಾಲಕನ ಕೈಯಿಂದ ಹೋದದ್ದು 39.6 ಲಕ್ಷ. ಆಗ ಲಾರಿ 10 ಲಕ್ಷಕ್ಕೆ ಮಾರಾಟವಾದೀತು ಎಂದಾದರೆ ನಿಜವಾದ ಖರ್ಚು 29.6 ಲಕ್ಷ, ತಿಂಗಳಿಗೆ ಸುಮಾರು 49,300. ಅದೇ ಬಗೆಯ ಲಾರಿ ಇದಕ್ಕಿಂತ ಕಡಿಮೆ ಬಾಡಿಗೆಗೆ ಲೀಸಿನಲ್ಲಿ ಸಿಕ್ಕಿದರೆ ಲೀಸೇ ಅಗ್ಗ. 6 ಲಕ್ಷ ಕೈಯಲ್ಲೇ ಉಳಿದು ಅದಕ್ಕೆ ಬಡ್ಡಿಯೂ ಬರುತ್ತದೆಂಬುದನ್ನು ಸೇರಿಸಿದರೆ ತುಸು ಹೆಚ್ಚು ಬಾಡಿಗೆಯೂ ನಡೆದೀತು. ಈ ಲೆಕ್ಕದ ಗುಟ್ಟಿರುವುದು ಮಾರಾಟದ ಬೆಲೆಯಲ್ಲಿ. ಮೀನು ಹೊರುವ ಲಾರಿಯ ಬಾಡಿಯ ಮೇಲೆ ದಿನಾ ಉಪ್ಪುನೀರು ಸುರಿಯುತ್ತದೆ. ಕಾಪು, ಪಡುಬಿದ್ರಿಯ ಕಡಲಗಾಳಿ ಬೇರೆ. ತುಕ್ಕು ಹಿಡಿದು 10ರ ಬದಲು 5 ಲಕ್ಷವೇ ಬಂದರೆ ತಿಂಗಳ ಖರ್ಚು ಸುಮಾರು 57,700ಕ್ಕೆ ಏರುತ್ತದೆ. ಅಂದರೆ ತುಕ್ಕಿಗೆ ತಿಂಗಳಿಗೆ ಎಂಟು ಸಾವಿರಕ್ಕೂ ಮಿಕ್ಕಿ ಬಾಡಿಗೆ ಕೊಟ್ಟಂತಾಯಿತು. ಸ್ವಂತ ಲಾರಿಯಾದರೆ ಈ ನಷ್ಟ ಮಾಲಕನದ್ದು, ಲೀಸಿನದ್ದಾದರೆ ಕಂಪೆನಿಯದ್ದು. ಕಂಪೆನಿಯವರಿಗೂ ಇದು ಗೊತ್ತಿರುವ ಕಾರಣ ಹಿಂದಿರುಗಿಸುವಾಗ ಲಾರಿ ಯಾವ ಸ್ಥಿತಿಯಲ್ಲಿರಬೇಕು, ಎಷ್ಟು ಕಿಲೋಮೀಟರ್ ಓಡಬಹುದು ಎಂಬ ಷರತ್ತುಗಳು ಕರಾರಿನ ಹಿಂಪುಟದಲ್ಲಿ ಸಣ್ಣ ಅಕ್ಷರದಲ್ಲಿರುತ್ತವೆ. ಓದಬೇಕಾದದ್ದು ಅದನ್ನೇ.

ಮತ್ತೊಂದು, ಮಳೆಗಾಲ. ಯಾಂತ್ರೀಕೃತ ದೋಣಿಗಳಿಗೆ ಜೂನ್ 1ರಿಂದ ಜುಲೈ 31ರ ತನಕ 61 ದಿನ ಮೀನುಗಾರಿಕೆ ನಿಷೇಧ. ಮಲ್ಪೆಯಲ್ಲಿ ದೋಣಿಗಳು ದಕ್ಕೆಯಲ್ಲಿ ನಿಂತಾಗ ಮೀನಿನ ಲಾರಿಯೂ ನಿಲ್ಲುತ್ತದೆ, ಕಂತು ನಿಲ್ಲುವುದಿಲ್ಲ. ಮೇಲಿನ ಲೆಕ್ಕದಲ್ಲಿ ಆ ಎರಡು ತಿಂಗಳಿಗೇ 1.12 ಲಕ್ಷ. ಕಾರ್ಕಳದ ಕಡೆ ಕಲ್ಲು, ಮಣ್ಣು, ಮರಳು ಸಾಗಿಸುವ ಟಿಪ್ಪರಿನವರಿಗೂ ಮಳೆಗಾಲದಲ್ಲಿ ಕಟ್ಟಡ ಕೆಲಸ ಕಡಿಮೆಯಾಗಿ ಇದೇ ಪಾಡು. ಉಳಿದ ಹತ್ತು ತಿಂಗಳಲ್ಲಿ ಹನ್ನೆರಡು ತಿಂಗಳ ಕಂತು ದುಡಿಯಬೇಕೆಂದು ಮೊದಲೇ ಲೆಕ್ಕ ಹಾಕಿದವನು ಉಳಿಯುತ್ತಾನೆ. ಈ ವಿಷಯದಲ್ಲಿ ಲೀಸಿಗೂ ಖರೀದಿಗೂ ವ್ಯತ್ಯಾಸವಿಲ್ಲ. ಸಾಲವಿಲ್ಲದ ಹಳೆಯ ಲಾರಿಗೆ ಮಾತ್ರ ಈ ಭಯವಿಲ್ಲ. 1979ರಲ್ಲಿ ಆರಂಭವಾದ ಶ್ರೀರಾಮ್ ಟ್ರಾನ್ಸ್‌ಪೋರ್ಟ್ ಫೈನಾನ್ಸ್ ಸೆಕೆಂಡ್ ಹ್ಯಾಂಡ್ ಲಾರಿಗಳ ಸಾಲವನ್ನೇ ದೊಡ್ಡ ವ್ಯವಹಾರವಾಗಿ ಬೆಳೆಸಿದ್ದರ ಮರ್ಮ ಇಲ್ಲಿದೆ. ಕಂತು ಚಿಕ್ಕದಾದರೆ ಎರಡು ತಿಂಗಳ ಮಳೆಯನ್ನು ತಡೆದುಕೊಳ್ಳಬಹುದು.

ಒಂದೇ ಒಂದು ಹೊರೆಗಾಗಿ ವಾಹನ ಬೇಕಾದಾಗ ಖರೀದಿಯ ಪ್ರಶ್ನೆಯೇ ಏಳುವುದಿಲ್ಲ. ಕಾರ್ಕಳದಲ್ಲಿ ರೆಂಜಾಳ ಗೋಪಾಲಕೃಷ್ಣ ಶೆಣೈ ಅವರು ಕೆತ್ತಿದ 39 ಅಡಿಯ ಬಾಹುಬಲಿ ಮೂರ್ತಿಯನ್ನು 1973ರಲ್ಲಿ ಧರ್ಮಸ್ಥಳಕ್ಕೆ ಸಾಗಿಸಿದ್ದು ಹೊರಗಿನಿಂದ ತರಿಸಿದ 64 ಚಕ್ರಗಳ ಟ್ರಾಲಿಯಲ್ಲಿ. ಅಂಥ ಟ್ರಾಲಿಯನ್ನು ಕೊಂಡು ಊರಿನಲ್ಲಿಟ್ಟುಕೊಂಡು ಮಾಡುವುದೇನು? ಸಣ್ಣ ಪ್ರಮಾಣದಲ್ಲಿ ಇದೇ ತತ್ವ ಎಲ್ಲ ಕಡೆ ಅನ್ವಯವಾಗುತ್ತದೆ. ವರ್ಷವಿಡೀ ಒಂದೇ ದಾರಿ, ಒಂದೇ ಲೋಡು ಇರುವವನಿಗೆ ಸ್ವಂತ ಲಾರಿ ಸರಿ. ಎರಡು ವರ್ಷದ ಕಾಂಟ್ರಾಕ್ಟಿಗಾಗಿ ಐದು ವರ್ಷದ ಕಂತಿಗೆ ಸಹಿ ಹಾಕಿದವನು ಕಾಂಟ್ರಾಕ್ಟು ಮುಗಿದ ಮೂರನೆಯ ವರ್ಷ ಲೋಡು ಹುಡುಕಿಕೊಂಡು ಅಲೆಯುತ್ತಾನೆ.

ತೆರಿಗೆಯ ವಿಷಯದಲ್ಲೂ ಸಣ್ಣವನ ದಾರಿ ಬೇರೆ. 1994ರಲ್ಲಿ ಆದಾಯ ತೆರಿಗೆ ಕಾಯ್ದೆಗೆ ಸೇರಿದ 44ಎಇ ಕಲಂ ಹತ್ತಕ್ಕಿಂತ ಹೆಚ್ಚು ಲಾರಿಗಳಿಲ್ಲದವರಿಗೆ ಲೆಕ್ಕಪುಸ್ತಕದ ಗೋಜಿಲ್ಲದೆ, ಲಾರಿಗೆ ತಿಂಗಳಿಗಿಷ್ಟು ಆದಾಯ ಎಂದು ತೋರಿಸಿ ತೆರಿಗೆ ಕಟ್ಟುವ ಅನುಕೂಲ ಕೊಟ್ಟಿತು. ಈ ಕಲಮಿನಲ್ಲಿ ಒಂದು ವಿವರಣೆಯಿದೆ. ಬಾಡಿಗೆ-ಖರೀದಿ ಅಥವಾ ಕಂತಿನ ಮೇಲೆ ಪಡೆದ ಲಾರಿಯ ಹಣ ಇನ್ನೂ ಬಾಕಿಯಿದ್ದರೂ, ಅದನ್ನು ಕೈಯಲ್ಲಿಟ್ಟುಕೊಂಡವನೇ ಅದರ ಒಡೆಯ. ಲೀಸಿಗೆ ಪಡೆದವನ ಹೆಸರು ಆ ವಿವರಣೆಯಲ್ಲಿಲ್ಲ. ಪಿಯಾನೋದ ನ್ಯಾಯ ಒಂದು ಕಡೆ, ತೆರಿಗೆಯ ನ್ಯಾಯ ಇನ್ನೊಂದು ಕಡೆ! ಲೀಸಿನ ಬಾಡಿಗೆಯ ಮೇಲೆ ಜಿಎಸ್‌ಟಿಯೂ ಬೀಳುತ್ತದೆ, ನೋಂದಣಿ ಇಲ್ಲದ ಸಣ್ಣ ಮಾಲಕನಿಗೆ ಅದನ್ನು ಹಿಂಪಡೆಯುವ ದಾರಿಯಿಲ್ಲ. ಲಾರಿಗಳ ಮೇಲಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ. 28ರಿಂದ 18ಕ್ಕೆ ಇಳಿದದ್ದು ಖರೀದಿಯ ಕಡೆಗೆ ತಕ್ಕಡಿಯನ್ನು ಇನ್ನಷ್ಟು ವಾಲಿಸಿದೆ.

ಖರೀದಿಸಿದವನಿಗೆ ಕೊನೆಯಲ್ಲಿ ಒಂದು ಕೆಲಸ ಬಾಕಿ ಇರುತ್ತದೆ, ಹಲವರು ಅದನ್ನು ಮರೆಯುತ್ತಾರೆ. ಕೊನೆಯ ಕಂತು ಕಟ್ಟಿದ ಮಾತ್ರಕ್ಕೆ ಆರ್‌ಸಿಯ ಆ ಸಾಲು ತಾನಾಗಿ ಅಳಿಯುವುದಿಲ್ಲ. ಸಾಲ ಕೊಟ್ಟ ಸಂಸ್ಥೆ ಮತ್ತು ಮಾಲಕ ಇಬ್ಬರೂ ಸಹಿ ಹಾಕಿದ 35ನೇ ನಮೂನೆಯನ್ನು ಆರ್‌ಟಿಓಗೆ ಕೊಡಬೇಕು. ಕೊಡದೆ ಹತ್ತು ವರ್ಷ ಲಾರಿ ಓಡಿಸಿ, ಮಾರುವ ದಿನ ಫೈನಾನ್ಸಿನ ಕಚೇರಿ ಹುಡುಕಿಕೊಂಡು ಹೋದರೆ ಬೋರ್ಡೇ ಬದಲಾಗಿರಬಹುದು. 2020ರ ಏಪ್ರಿಲ್ 1ರಂದು ಸಿಂಡಿಕೇಟ್ ಬ್ಯಾಂಕು ಕೆನರಾ ಬ್ಯಾಂಕಿನಲ್ಲೂ ಕಾರ್ಪೊರೇಶನ್ ಬ್ಯಾಂಕು ಯೂನಿಯನ್ ಬ್ಯಾಂಕಿನಲ್ಲೂ ವಿಲೀನವಾದವು. ಹಳೆಯ ಆರ್‌ಸಿಯಲ್ಲಿ ಈ ಹೆಸರುಗಳು ಉಳಿದಿದ್ದರೆ 35ನೇ ನಮೂನೆಗೆ ಸಹಿ ಬೀಳಬೇಕಾದದ್ದು ಹೊಸ ಬ್ಯಾಂಕಿನ ಶಾಖೆಯಲ್ಲಿ.